ಎದುರು ಮನೆ ಅಕ್ಕನ ಡೇ ಟೈಮು

ಕಳೆದ ವಾರ ಯಶವಂತಪುರದಲ್ಲಿ ಮೆಟ್ರೋ ಹತ್ತಿದಾಗ ಪಕ್ಕದಲ್ಲಿ ನಿಂತಿದ್ದವರ ಬಟ್ಟೆ ಚೀಲದಿಂದ ಅವರೆಕಾಯಿಯ ವಾಸನೆ ಬಂತು. ಒಳ್ಳೆ ಸೊಗಡಿನ ಕಾಯಿ. ಬೋಗಿಯ ಬಾಗಿಲು ಮುಚ್ಚಿಕೊಂಡ ಮೇಲೆ ಆ ವಾಸನೆ ಬೇರೆಲ್ಲೂ ಹೋಗಲು ದಾರಿಯಿಲ್ಲದೆ ನನ್ನ ಮುಖದ ಮುಂದೆಯೇ ನಿಂತಿತು. ಬೇರೆಯವರಿಗಾಗಿದ್ದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಸಿಟ್ಟು ಬಂತು.

ನಮ್ಮ ಎದುರು ಮನೆಯ ಅಕ್ಕ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರು ಹೋದ ಮೇಲಾದರೂ ಅವರ ಮೇಲಿನ ಸಿಟ್ಟು ತಣ್ಣಗಾದೀತು ಎಂದುಕೊಂಡಿದ್ದೆ. ಆಗಿಲ್ಲ. ಅವರೆಕಾಯಿ ಕಾಲ ಬಂತೆಂದರೆ ಅವರು ನಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು, ಮೊರದ ತುಂಬ ಕಾಳು ಸುಲಿದು, ಸಿಪ್ಪೆಯನ್ನೆಲ್ಲ ನನ್ನ ಚಾಪೆಯ ಮೇಲೆ ಬಿಟ್ಟು ಎದ್ದು ಹೋಗುತ್ತಿದ್ದರು. ಕೇಳಿದರೆ ಒಂದೇ ಉತ್ತರ.

"ನಾಳೆ ಡೇಗೆ ಬಂದಾಗ ಎತ್ತಾಕ್ತೀನಿ ಬಿಡಪ್ಪ, ಸಿಪ್ಪೆ ಏನ್ ಓಡೋಯ್ತದಾ?"

ಓಡಿಹೋಗುತ್ತಿರಲಿಲ್ಲ, ನಿಜ. ಕೆಲಸದಿಂದ ಬಂದು ಅದನ್ನು ಗುಡಿಸುತ್ತಿದ್ದವನು ನಾನು.

ಅವರ ಬಾಯಲ್ಲಿ ಇಂಗ್ಲಿಷ್ ಪದಗಳು ಹೆಚ್ಚಿರಲಿಲ್ಲ. ಬಸ್ಸು, ಲೈಟು, ಸೈಟು ಎಂದು ಎಲ್ಲರೂ ಆಡುವ ಹಾಗೆ ಆಡುತ್ತಿದ್ದರು. 'ಡೇ' ಮಾತ್ರ ಅವರ ಸ್ವಂತದ ಪದವಾಗಿತ್ತು. ಹಗಲು ಎನ್ನುವ ಪದ ಗೊತ್ತಿಲ್ಲವೆಂದಲ್ಲ. ಬಿಸಿಲಿನ ವಿಷಯ ಬಂದರೆ ಹಗಲು ಎನ್ನುತ್ತಿದ್ದರು. ತಾವು ಹೊತ್ತುಕೊಂಡ ಹೊಣೆಯ ವಿಷಯ ಬಂದರೆ ಅದು ಡೇ.

ಅದಕ್ಕೊಂದು ಕಾರಣವಿತ್ತು. ಅಕ್ಕನ ಮನೆಯವರು ಹಳೇ ಶೆಟ್ಟಿಹಳ್ಳಿಯವರು. ಈಗ ಮೂರಂತಸ್ತಿನ ಬಾಡಿಗೆ ಮನೆಗಳಿರುವಲ್ಲಿ ಒಂದು ಕಾಲಕ್ಕೆ ಅವರ ರಾಗಿ ಹೊಲವಿತ್ತಂತೆ. ಸುತ್ತಲೂ ಕಾರ್ಖಾನೆಗಳು ಬಂದ ಮೇಲೆ ಅವರ ಯಜಮಾನರು ಒಂದು ಕಾರ್ಖಾನೆಯಲ್ಲಿ ರಾತ್ರಿ ಕಾವಲಿಗೆ ಸೇರಿದರು. ಆಮೇಲೆ ಆ ಮನೆಯಲ್ಲಿ ಎರಡೇ ಲೆಕ್ಕ, ಡೇ ಮತ್ತು ನೈಟು. ಡೇ ಎಂದರೆ ಯಜಮಾನರು ಮಲಗಿರುವ ಹೊತ್ತು. ನಾವು ಆ ಬೀದಿಗೆ ಬಾಡಿಗೆಗೆ ಬಂದಾಗ ನಾನು ಆಗತಾನೇ ಕೆಲಸಕ್ಕೆ ಸೇರಿದ್ದೆ. ಮೊದಲ ಭಾನುವಾರ ರೇಡಿಯೋ ಹಾಕಿಕೊಂಡು ಕೂತಿದ್ದಾಗ ಅಕ್ಕ ಪೊರಕೆ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಆರ್ಸಪ್ಪ ಅದ್ನ! ಡೇ ಅಲ್ವಾ? ಜನ ಮಲಗೋ ವೊತ್ತು!"

ಹಗಲು ಹನ್ನೊಂದು ಗಂಟೆಗೆ ಜನ ಮಲಗುತ್ತಾರೆ ಎಂಬುದನ್ನು ಅವತ್ತು ನಾನು ಕಲಿತೆ. ತರಕಾರಿ ಗಾಡಿಯವನು ಅವರ ಮನೆಯ ಮುಂದೆ ಕೂಗದೆ ದಾಟುತ್ತಿದ್ದ. ಮಕ್ಕಳು ಆ ಗೇಟಿನ ಎದುರು ಬ್ಯಾಟು ಎತ್ತುತ್ತಿರಲಿಲ್ಲ. ಇಡೀ ಬೀದಿಗೆ ಒಬ್ಬರ ನಿದ್ದೆಯ ಜವಾಬ್ದಾರಿ.

ಸಂಜೆಯ ಕ್ರಮವೂ ಬೀದಿಗೆಲ್ಲ ಗೊತ್ತಿತ್ತು. ಹೊತ್ತು ಮುಳುಗುವಾಗ ಅಕ್ಕ ಹಿತ್ತಲ ಬಾಗಿಲು ಹಾಕಿ ಅಗುಳಿ ಇಡುತ್ತಿದ್ದರು, ಮುಂಬಾಗಿಲನ್ನು ಅಗಲವಾಗಿ ತೆಗೆಯುತ್ತಿದ್ದರು, ಹೊಸ್ತಿಲ ಪಕ್ಕದ ಗೂಡಿನಲ್ಲಿ ದೀಪ ಹಚ್ಚುತ್ತಿದ್ದರು. ಯಜಮಾನರು ಕಾಫಿ ಕುಡಿದು, ಊಟದ ಕ್ಯಾರಿಯರ್ ಮತ್ತು ಟಾರ್ಚು ತೆಗೆದುಕೊಂಡು ಸೈಕಲ್ ಹತ್ತುತ್ತಿದ್ದರು. ಅಕ್ಕ ದೀಪ ಹಚ್ಚುವ ಮುನ್ನ ಅವರು ಹೊರಟದ್ದಿಲ್ಲ. ಸೈಕಲ್ಲು ತಿರುವಿನ ಹೊಂಗೆ ಮರ ದಾಟುವ ತನಕ ಅಕ್ಕ ಬಾಗಿಲಲ್ಲಿ ನಿಂತಿರುತ್ತಿದ್ದರು. ಅಲ್ಲಿಗೆ ಡೇ ಮುಗಿಯಿತು.

ಯಜಮಾನರು ಹೋಗಿ ಎಷ್ಟೋ ವರ್ಷವಾದ ಮೇಲೂ ಅದು ಹಾಗೆಯೇ ನಡೆಯುತ್ತಿತ್ತು. ಹೊಲ ಹೋಗಿ ಮನೆಗಳೆದ್ದವು, ಮಗ ಕಟ್ಟಡದ ಕಂಟ್ರಾಕ್ಟರ್ ಆದ, ಸೊಸೆ ಬಂದಳು. ಸಂಜೆಗೆ ಮಾತ್ರ ಅಕ್ಕ ಅದೇ ಬಾಗಿಲಲ್ಲಿ, ಅದೇ ತಿರುವನ್ನು ನೋಡುತ್ತ... ನನಗೇನೂ ತೊಂದರೆಯಿರಲಿಲ್ಲ. ಅವರ ಮನೆ, ಅವರ ದೀಪ. ನಮ್ಮ ಅಮ್ಮ ಬೀಳುವ ತನಕ.

ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಮುಕ್ಕಾಲು ಪಾಲು ನಿಂತಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಒಂದು ಮಾತನ್ನು ಒತ್ತಿ ಹೇಳಿದರು: ಅವರನ್ನು ಒಬ್ಬರನ್ನೇ ಬಿಡಬೇಡಿ, ನಡೆಯುತ್ತೇನೆಂದು ಏಳುತ್ತಾರೆ, ಇನ್ನೊಂದು ಸಲ ಬಿದ್ದರೆ ಕಷ್ಟ. ನಾನು ಮದುವೆಯಾದವನಲ್ಲ, ಮನೆಯಲ್ಲಿ ನಾವಿಬ್ಬರೇ. ತಂಗಿ ತುಮಕೂರಿನಲ್ಲಿ, ಮಕ್ಕಳ ಶಾಲೆ ಬಿಟ್ಟು ಎಷ್ಟು ದಿನ ಇದ್ದಾಳು? ನಾನು ಯಶವಂತಪುರದ ಆಚೆ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಬೇಸಿಗೆಯಲ್ಲಿ ರಜೆ ಎಂಬ ಮಾತೇ ಎತ್ತುವ ಹಾಗಿಲ್ಲ. ಕೆಲಸ ಬಿಟ್ಟರೆ ಅಮ್ಮನಿಗೆ ಔಷಧಿಯಿಲ್ಲ. ಕೆಲಸಕ್ಕೆ ಹೋದರೆ ಅಮ್ಮನ ಹತ್ತಿರ ಯಾರೂ ಇಲ್ಲ.

ಆಟೋದಿಂದ ಅಮ್ಮನನ್ನು ಇಳಿಸುತ್ತಿದ್ದಾಗ ಅಕ್ಕ ಬಂದು ಒಂದು ತೋಳಿಗೆ ಕೈ ಕೊಟ್ಟರು. ನಾನು ಏನೂ ಕೇಳಿರಲಿಲ್ಲ.

"ನೋಡಪ್ಪ, ಡೇ ನಂದು, ನೈಟ್ ನಿಂದು. ತಂಗೀನ ಊರಿಗೆ ಕಳ್ಸು, ನೀನ್ ಕೆಲ್ಸಕ್ಕೋಗು. ಮುಗೀತು."

ಅವತ್ತು ಕಾಲಿಗೆ ಬೀಳಬೇಕು ಅನ್ನಿಸಿತ್ತು. ಇಷ್ಟು ಚೊಕ್ಕವಾಗಿ ಯಾರಾದರೂ ಜೀವನವನ್ನು ಎರಡು ಪಾಲು ಮಾಡಿ ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

ಮೊದಲ ದಿನವೇ ಅಂಗಡಿಗೆ ಫೋನು ಬಂತು. ಅರ್ಧ ಸುತ್ತಿದ ಮೋಟಾರು ತೊಡೆಯ ಮೇಲಿತ್ತು, ಕೈಗೆಲ್ಲ ವಾರ್ನಿಷು. ಹೆಬ್ಬೆರಳಿನ ಗೆಣ್ಣಿನಿಂದ ಒತ್ತಿ ಕಿವಿಗೆ ಹಿಡಿದೆ.

"ನಾ ವೊಂಟೆ ಕಣಪ್ಪ. ದೊಡ್ಡಮ್ಮ ಕೂತವ್ರೆ."

ನಮ್ಮ ಅಮ್ಮನನ್ನು ಅವರು ಕರೆಯುತ್ತಿದ್ದದ್ದು ದೊಡ್ಡಮ್ಮ ಎಂದು. ನಾನು ಬಾಗಿಲಾಚೆ ನೋಡಿದೆ. ರಸ್ತೆಯ ಮೇಲೆ ಇನ್ನೂ ಬೆಳಕಿತ್ತು.

"ಅಕ್ಕಾ, ಎಲ್ಲಿಗೆ? ಡೇ ಇನ್ನೂ ಮುಗಿದಿಲ್ಲವಲ್ಲ!"

"ನಿಮ್ ಕಡೆ ಮುಗ್ದಿರಕ್ಕಿಲ್ಲ. ಇಲ್ಲಿ ಮುಗೀತು."

ಯಶವಂತಪುರಕ್ಕೊಂದು ಸೂರ್ಯ, ಶೆಟ್ಟಿಹಳ್ಳಿಗೊಂದು ಸೂರ್ಯ ಇದ್ದಾನೆಯೇ ಎಂದು ಕೇಳುವಷ್ಟರಲ್ಲಿ ಫೋನು ಇಟ್ಟಿದ್ದರು. ಮಾಲೀಕರ ಕಾಲು ಹಿಡಿದು ಓಡಿದೆ. ಮೆಟ್ರೋ ಹತ್ತಿ, ಜಾಲಹಳ್ಳಿಯಲ್ಲಿ ಇಳಿದು, ಕ್ರಾಸಿನ ಸಿಗ್ನಲ್ಲಿನಲ್ಲಿ ಆಟೋ ಅಲುಗಾಡದೆ ನಿಂತಾಗ ಇಳಿದು ನಡೆದು... ಮನೆ ಸೇರುವಾಗ ಕತ್ತಲಾಗಿತ್ತು. ಅಮ್ಮ ಮಂಚದ ಅಂಚಿಗೆ ಬಂದು, ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದು ಎಳೆಯುತ್ತಿದ್ದರು. "ಬಂದ್ರಾ? ಬಂದ್ರಾ?" ಎಂದು ಅಳುತ್ತಿದ್ದರು. ಕಾಯುತ್ತಿದ್ದದ್ದು ನನ್ನನ್ನಲ್ಲ, ಎಂದೋ ಹೋದ ಅಪ್ಪನನ್ನು. ಉಳಿದ ಹೊತ್ತು ಸುಮ್ಮನಿರುವ ಅಮ್ಮನಿಗೆ ಬೆಳಕು ಇಳಿಯುವಾಗ ಮಾತ್ರ ಏನೋ ಭಯ ಹತ್ತಿಕೊಳ್ಳುತ್ತಿತ್ತು. ಯಾರಾದರೂ ಪಕ್ಕದಲ್ಲಿ ಇರಲೇಬೇಕಾದ ಹೊತ್ತು ಅದೊಂದೇ. ಅಕ್ಕ ಎದ್ದು ಹೋಗುತ್ತಿದ್ದದ್ದೂ ಸರಿಯಾಗಿ ಅದೇ ಹೊತ್ತಿಗೆ.

ಆ ಒಂದು ಗಂಟೆಯನ್ನು ತುಂಬಿಸಲು ನಾನು ಪಟ್ಟ ಪಾಡು ಹೇಳಿದರೆ ನಗು ಬರುತ್ತದೆ. ಈ ಊರಿನಲ್ಲಿ ಡೇ ಎನ್ನದವರು ಯಾರೂ ಇಲ್ಲ, ಒಬ್ಬರ ಡೇ ಇನ್ನೊಬ್ಬರದಕ್ಕೆ ಕೂಡುವುದೂ ಇಲ್ಲ ಎಂದು ಆಗಲೇ ತಿಳಿದದ್ದು. ನಮ್ಮ ಮಾಲೀಕರಿಗೆ ಡೇ ಎಂದರೆ ಕೊನೆಯ ಮೋಟಾರು ಗಾಡಿ ಹತ್ತುವ ತನಕ. ಅದು ಎಂಟಾದರೂ ಡೇ, ಒಂಬತ್ತಾದರೂ ಡೇ. ಅದಕ್ಕಿಂತ ಮೊದಲು ಎದ್ದರೆ ಹಾಫ್ ಡೇ. ಅಮ್ಮನಿಗೆ ಕೈಕಾಲು ಆಡಿಸಲು ಬರುತ್ತಿದ್ದ ಹುಡುಗಿಯ ಡೇ ಹನ್ನೊಂದಕ್ಕೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಗ್ಯಾಸಿನವರು, ಕೊರಿಯರಿನವರು "ಡೇ ಟೈಮಲ್ಲಿ ಮನೇಲಿರಿ ಸಾರ್" ಎನ್ನುತ್ತಿದ್ದರು, ಯಾವಾಗ ಎಂದರೆ "ಡೇ ಟೈಮಲ್ಲೇ ಸಾರ್" ಎನ್ನುತ್ತಿದ್ದರು. ರೋಗಿಗಳನ್ನು ನೋಡಿಕೊಳ್ಳುವವರನ್ನು ಕಳಿಸುವ ಒಂದು ಏಜೆನ್ಸಿಗೆ ಫೋನು ಮಾಡಿದೆ. ಅವರ ಡೇ ಬೆಳಗ್ಗೆ ಎಂಟರಿಂದ ರಾತ್ರಿ ಎಂಟು. ಆಹಾ, ಇದು ಡೇ ಎಂದರೆ, ಎಂದುಕೊಂಡೆ. ಅವರು ಕಳಿಸಿದ ಹೆಂಗಸು ಮೂರನೇ ದಿನ ಬರಲಿಲ್ಲ. ಬದಲಿಗೆ ಬಂದವಳ ಕೈಯಿಂದ ಅಮ್ಮ ನೀರು ಕೂಡ ಕುಡಿಯಲಿಲ್ಲ.

ಇವರೆಲ್ಲರಿಗೂ ಕೊನೆಪಕ್ಷ ಗಡಿಯಾರವಿತ್ತು. ಅಕ್ಕನಿಗೆ ಅದೂ ಇರಲಿಲ್ಲ. ಸುಲಿದ ಕಾಳಿನೊಳಗಿನ ಹುಳ ಕಣ್ಣಿಗೆ ಕಾಣದೆ ಹೋದರೆ ಅವರ ಡೇ ಮುಗಿಯಿತು. ಲೈಟು ಹಾಕಿದರೆ ಕಾಣುತ್ತದಲ್ಲ ಎಂದರೆ, "ಲೈಟ್ನಾಗೆ ಕಂಡ್ರೆ ಅದು ಡೇ ಆಯ್ತದಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಚಳಿಗಾಲ ಬಂದು ಹಗಲು ಕಿರಿದಾಗುತ್ತ ಬಂದಂತೆ ಅವರ ಡೇಯೂ ಕುಗ್ಗುತ್ತ ಬಂತು, ನನ್ನ ಸಿಟ್ಟು ಬೆಳೆಯುತ್ತ ಹೋಯಿತು.

ಒಂದು ಬೆಳಗ್ಗೆ, ಅಕ್ಕ ಮೊರ ಹಿಡಿದು ಒಳಗೆ ಬಂದಾಗ, ಕೇಳಿಯೇ ಬಿಟ್ಟೆ.

"ಅಕ್ಕಾ, ಒಂದೇ ಒಂದು ಗಂಟೆ. ನಾನು ಬರೋವರೆಗೂ ಇರಿ. ನಿಮ್ಮ ಮನೆ ಎಲ್ಲಿ ಹೋಗುತ್ತೆ, ಎದುರಿಗೇ ಇದೆ."

"ದೀಪ ಅಚ್ಬೇಕಲ್ಲಪ್ಪ."

"ಸೊಸೆ ಹಚ್ಚಲ್ವಾ?"

"ಅವ್ಳಾ? ಅವ್ಳು ಸ್ವಿಚ್ ಆಕ್ತಾಳೆ."

"ಹಾಗಾದ್ರೆ ಇಲ್ಲೇ ಹಚ್ಚಿ. ದೀಪ ಇದೆ, ಎಣ್ಣೆ ಇದೆ. ದೇವರು ಎಲ್ಲಾ ಕಡೆ ಒಬ್ಬನೇ ಅಲ್ವಾ?"

ಅಕ್ಕ ಮೊರ ಕೆಳಗಿಟ್ಟು ಎರಡೂ ಕೆನ್ನೆ ಬಡಿದುಕೊಂಡರು. "ಬಿಡ್ತು ಅನ್ನು! ಮನೆಯೋಳು ಕಣ್ಮುಂದೆ ಕೂತಿರುವಾಗ ಇನ್ನೊಬ್ಳು ಬಂದು ದೀಪ ಅಚ್ತಾಳಾ? ಎಲ್ಲಾದ್ರೂ ಐತಾ? ಏನ್ ಅಂದ್ಕೊಂಡೆ ನೀನು ನಿಮ್ಮವ್ವನ್ನ?"

ನನಗೆ ತಲೆ ಕೆಟ್ಟಿತು. "ನಿಮ್ಮ ಯಜಮಾನರು ಹೋಗಿ ಎಷ್ಟು ವರ್ಷ ಆಯ್ತು ಅಕ್ಕ? ಇನ್ನೂ ಯಾರನ್ನ ಡ್ಯೂಟಿಗೆ ಕಳಿಸ್ಬೇಕು ನೀವು?"

ಅಕ್ಕ ಕೂತು ಕಾಯಿ ಸುಲಿಯಲು ಶುರು ಮಾಡಿದರು, ಒಂದೊಂದು ಸಿಪ್ಪೆಯನ್ನೂ ಚಾಪೆಯ ಮೇಲೆ ಎಸೆದು. ನಾನು ಚಪ್ಪಲಿ ಮೆಟ್ಟಿ ಹೊರಟೆ. ನಾಳೆಯಿಂದ ಇವರು ಬರುವುದಿಲ್ಲ, ಮುಂದೇನು ಎಂದು ದಾರಿಯುದ್ದಕ್ಕೂ ಚಿಂತೆ. ಮಾರನೆಯ ಬೆಳಗ್ಗೆ ಹಾಲಿನವನಿಗಿಂತ ಮೊದಲೇ ಬಾಗಿಲು ಬಡಿದರು. ಕೈಯಲ್ಲಿ ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು.

"ನಿನ್ ಮೇಲೆ ಸಿಟ್ ಐತೆ ನಂಗೆ. ಮಾತಾಡ್ಬೇಡ. ಡೇ ನಂದು, ಅದಕ್ ಬಂದೆ."

ಅದಾಗಿ ಒಂದು ವಾರವೋ ಹತ್ತು ದಿನವೋ ಕಳೆದಿತ್ತು. ಅವತ್ತು ಸಂಜೆ ಅಕ್ಕನಿಂದ ಫೋನು ಬರಲಿಲ್ಲ. ಪರವಾಗಿಲ್ಲ, ಅಂತೂ ಕೂತಿದ್ದಾರೆ ಎಂದು ಸಮಾಧಾನದಿಂದಲೇ ಬಂದೆ. ಮನೆಗೆ ಬೀಗ ಹಾಕಿತ್ತು.

ಅಮ್ಮ ಬಿದ್ದಿದ್ದಾರೆ, ಆಸ್ಪತ್ರೆಗೆ ಒಯ್ದಿದ್ದಾರೆ ಎಂದೇ ತಿಳಿದೆ. ಯಾವ ಆಸ್ಪತ್ರೆ? ಬೀಗ ಹಿಡಿದುಕೊಂಡು ಅಕ್ಕನಿಗೆ ಫೋನು ಮಾಡಿದೆ. ಫೋನು ಹೊಡೆದುಕೊಂಡದ್ದು ನನ್ನ ಬೆನ್ನ ಹಿಂದೆ.

"ಫೋನ್ ಯಾಕ್ ಮಾಡ್ತೀಯ? ತಿರುಗಿ ನೋಡು!"

ತಿರುಗಿದೆ. ಎದುರು ಮನೆಯ ಬಾಗಿಲು ಅಗಲವಾಗಿ ತೆರೆದಿತ್ತು. ಗೂಡಿನಲ್ಲಿ ದೀಪ. ಬಾಗಿಲ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅಕ್ಕನ ಶಾಲು ಹೊದಿಸಿ, ಸೊಂಟಕ್ಕೊಂದು ಹಳೇ ಸೀರೆ ಸುತ್ತಿ ಕುರ್ಚಿಗೆ ಕಟ್ಟಿ ಅಮ್ಮನನ್ನು ಕೂರಿಸಿದ್ದರು. ಅಮ್ಮ ಬೀದಿ ನೋಡುತ್ತಿದ್ದರು. ಅಳುತ್ತಿರಲಿಲ್ಲ.

ಭಯ ಇಳಿದ ಜಾಗಕ್ಕೆಲ್ಲ ಸಿಟ್ಟು ಬಂದು ತುಂಬಿಕೊಂಡಿತು. ಬೀದಿಯಲ್ಲೇ ನಿಂತು ಕೂಗಾಡಿದೆ. ಹೇಳದೆ ಕೇಳದೆ ಎತ್ತಿಕೊಂಡು ಬಂದಿದ್ದೀರಲ್ಲ, ನಡುವೆ ಬಿದ್ದಿದ್ದರೆ?

"ಕೇಳಾಕೆ ನೀನೆಲ್ಲಿದ್ದೆ? ಮೋಟ್ರು ಸುತ್ತಾ ಇದ್ದೆ. ಮೇಲಿನ ಮನೆ ಬಾಡಿಗೆಯೋರು ನಾಕ್ ಜನ ಎತ್ಕೊಂಡ್ ಬಂದವ್ರೆ, ರಾಗಿ ಮೂಟೆ ಎತ್ದಂಗೆ. ಬೀಳಾಕೆ ಪುರುಸೊತ್ತೆಲ್ಲಿ?"

"ಹಾಗಂತ..."

"ವೊತ್ತು ಮುಳುಗೋವಾಗ ಬಾಗ್ಲು ಮುಚ್ಕೊಂಡು ಒಳಗೆ ಕೂತ್ರೆ ಯಾರಿಗ್ ಭಯ ಆಗಲ್ಲ ಯೋಳು? ಯಾರ್ ಬತ್ತಾರೆ ಯಾರ್ ಓಯ್ತಾರೆ ಕಣ್ಣಿಗ್ ಕಾಣ್ಬೇಕು. ನೀನು ಅವ್ರನ್ನ ಒಳಗಾಕಿ, ಟೀವಿ ಆಕಿ, ಬಾಗ್ಲು ಆಕಿ..."

ನಾನು ಮತ್ತೆ ಬಾಯಿ ತೆರೆದೆ. ಆಗ ಅಮ್ಮ ಎಡಗೈ ಎತ್ತಿದರು. "ಸುಮ್ನಿರು" ಎಂದರು.

ಬಿದ್ದ ಮೇಲೆ ಅಮ್ಮ ನನಗೆ ಸ್ಪಷ್ಟವಾಗಿ ಹೇಳಿದ ಮೊದಲ ಮಾತು ಅದು. ಮಗ ಓಡೋಡಿ ಬಂದಿದ್ದಾನೆ, ಅವನಿಗೆ ಸುಮ್ಮನಿರು! ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಕಾಫಿ ಕೊಟ್ಟರು, ಕುಡಿದೆ.

ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಸಂಜೆಯಾಗುತ್ತಲೇ ಅಮ್ಮನ ಕುರ್ಚಿ ಬೀದಿ ದಾಟುವುದು, ಎರಡೂ ಕಡೆ ಸ್ಕೂಟರುಗಳು ನಿಂತು ಹಾರನ್ ಹೊಡೆಯುವುದು, ಅಕ್ಕ ಅವರಿಗೆಲ್ಲ ಉಗಿಯುವುದು. ಇದರಿಂದ ನನ್ನ ತಾಪತ್ರಯ ಮುಗಿಯಿತೆಂದು ಯಾರಾದರೂ ಅಂದುಕೊಂಡರೆ ತಪ್ಪು. ಸಂಜೆಯ ಮಾತ್ರೆ ಈ ಮನೆಯಲ್ಲಿ, ಅಮ್ಮ ಆ ಮನೆಯಲ್ಲಿ. ಸ್ವೆಟರು ಯಾವಾಗಲೂ ಒಳಗು ಹೊರಗಾಗಿರುತ್ತಿತ್ತು. ಸಕ್ಕರೆ ಹಾಕಬೇಡಿ ಎಂದರೆ ಬೆಲ್ಲ ಹಾಕಿ ಕೊಡುತ್ತಿದ್ದರು. ನಾನು ಬಂದು ಮನೆಗೆ ಕರೆದುಕೊಂಡು ಹೋಗುತ್ತೇನೆಂದರೆ ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದರು. ಆದರೆ "ಬಂದ್ರಾ" ಎಂದು ಕೇಳುವುದು ಕಡಿಮೆಯಾಯಿತು. ಬಾಗಿಲಲ್ಲಿ ಕೂತರೆ ಯಾರಾದರೂ ಬರುತ್ತಲೇ ಇರುತ್ತಾರಲ್ಲ. ತರಕಾರಿಯವನು, ಕೆಲಸದಿಂದ ಬರುವ ಹೆಂಗಸರು, ಕೊನೆಗೆ ನಾನು. ಕೆಲವು ಸಲ ತಿರುವಿನಿಂದ ನೋಡುವಾಗ ಇಬ್ಬರು ಮುದುಕಿಯರ ಮುಖವೂ ಒಟ್ಟಿಗೆ ನನ್ನ ಕಡೆ ತಿರುಗಿರುವುದು ಕಾಣುತ್ತಿತ್ತು...

ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಫೋನು ಹೊಡೆಯಿತು. ಸುಡುವ ಬಿಸಿಲು, ಸಾಲಾಗಿ ಸುಟ್ಟ ಮೋಟಾರುಗಳು. ಅಕ್ಕನ ಹೆಸರು ನೋಡಿ ಮೈ ಉರಿಯಿತು.

"ಏನಕ್ಕ, ಇಷ್ಟು ಬೇಗ? ಇನ್ನೂ ಡೇ ಇದೆಯಲ್ಲ?"

"ಬಾ" ಎಂದರು.

"ಏನಾಯ್ತು?"

"ಬಾ ಅಂದೆ."

ಅಮ್ಮ ಊಟ ಮಾಡಿ, ಬಾಯಿ ಒರೆಸಿಸಿಕೊಂಡು, ಮಲಗಿ, ಹಾಗೆಯೇ ಹೋಗಿದ್ದರು. ಅಕ್ಕ ಪಕ್ಕದಲ್ಲೇ ಇದ್ದರು. ಜನ ಸೇರಿದಾಗ ಅವರು ಅಳಲಿಲ್ಲ. ಅಮ್ಮನನ್ನು ಬೈದರು.

"ನನ್ ಡೇನಾಗೇ ಓಗ್ಬೇಕಾಗಿತ್ತಾ ದೊಡ್ಡಮ್ಮ? ನಾನ್ ಎಂಗ್ ಮುಖ ತೋರಿಸ್ಲಿ ಈ ಮಗೀಗೆ?"

ಐವತ್ತು ದಾಟಿದವನು ನಾನು, ಅವರಿಗೆ ಮಗು. ಯಾರ ತಪ್ಪೂ ಇಲ್ಲ ಅಕ್ಕ, ಯಾರಿದ್ದರೂ ಇಷ್ಟೇ ಎಂದು ಎಷ್ಟು ಸಲ ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ. ತಿಥಿಯ ದಿನವೂ ಅದೇ ಮಾತು. ನೀನು ಡೇ ನನ್ನ ಕೈಗೆ ಕೊಟ್ಟು ಹೋಗಿದ್ದೆ, ರಾತ್ರಿಯಾಗಿದ್ದರೆ ನೀನಿರುತ್ತಿದ್ದೆ... ಸಮಾಧಾನ ಮಾಡಬೇಕಾದವರು ಅವರು, ಮಾಡುತ್ತಿದ್ದವನು ನಾನು. ಆ ವಿಷಯಕ್ಕೂ ನನಗೆ ಸಿಟ್ಟೇ. ಅಳಲಿಕ್ಕೂ ಬಿಡಲಿಲ್ಲ ನನ್ನನ್ನು.

ಕೆಲಸಕ್ಕೆ ಮರಳಿದ ಮೊದಲ ಸಂಜೆ ಮನೆಗೆ ಬಂದರೆ ಬಾಗಿಲು ತೆರೆದಿತ್ತು. ನಮ್ಮ ಮನೆಯ ಒಂದು ಕೀಲಿ ಅಕ್ಕನ ಬಳಿ ಇತ್ತು, ನಾನು ವಾಪಸು ಕೇಳಿರಲಿಲ್ಲ. ಮಂಚದ ಹಾಸಿಗೆ ಮಡಚಿ, ನೆಲ ಒರೆಸಿ, ನಡುಮನೆಯಲ್ಲಿ ಅಕ್ಕ ಮೊರ ಇಟ್ಟುಕೊಂಡು ಕೂತಿದ್ದರು. ಹೊರಗೆ ಬೆಳಕು ಇನ್ನೂ ಒಂದಿಷ್ಟು ಉಳಿದಿತ್ತು.

"ಇನ್ನೇನ್ ನೋಡ್ಕೋಬೇಕು ಅಕ್ಕ ಇಲ್ಲಿ? ಯಾರಿದ್ದಾರೆ?"

"ಡೇ ಟೈಮು ಮನೆಗೆ ಬೀಗ ಆಕಿರಬಾರ್ದು. ಚೆಂದಾಗಿರಕ್ಕಿಲ್ಲ" ಎಂದು ಎದ್ದು ಹೋದರು.

ಆಮೇಲೂ ಬರುತ್ತಲೇ ಇದ್ದರು. ನೋಡಿಕೊಳ್ಳಲು ಯಾರೂ ಇಲ್ಲದ ಮನೆಗೆ, ದಿನವೂ. ಆ ವರ್ಷದ ಅವರೆಕಾಯಿಯ ಸಿಪ್ಪೆಯನ್ನೂ ನಾನೇ ಗುಡಿಸಿದೆ. ಅದರ ಮುಂದಿನ ವರ್ಷದ್ದನ್ನೂ.

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂದು ಎದೆಗೆ ಇಳಿಯಿತು. ಮಗ ಹೆಬ್ಬಾಳದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ. ಐಸಿಯು. ಸಂಜೆ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಕೆಲಸ ಮುಗಿಸಿ ಹೋದೆ. ನೀಲಿ ಗೌನು ಹಾಕಿಸಿ ಕರೆದುಕೊಂಡು ಹೋಗುವಾಗ ನರ್ಸು ಮೆಲ್ಲಗೆ ಹೇಳಿದಳು.

"ಅಂಕಲ್, ಅಜ್ಜಿ ಡೇನಾ ನೈಟಾ ಅಂತ ಕೇಳ್ತಾನೇ ಇರ್ತಾರೆ. ಡೇ ಅಂತ ಹೇಳ್ಬಿಡಿ. ಕತ್ತಲಾಯ್ತು ಅಂದ್ರೆ ಮನೆಗೆ ಹೋಗ್ಬೇಕು ಅಂತ ಎಲ್ಲಾ ಕಿತ್ಕೊಳ್ತಾರೆ. ನಿನ್ನೆ ಡ್ರಿಪ್ ಕಿತ್ತು ರಕ್ತ ಎಲ್ಲಾ..."

ಆ ಕೋಣೆಗೆ ಕಿಟಕಿ ಇರಲಿಲ್ಲ. ಮೇಲೆ ಬಿಳಿ ಲೈಟುಗಳು, ಎಲ್ಲ ಹೊತ್ತೂ ಒಂದೇ ಬೆಳಕು. ಡೇ ಎಲ್ಲಿ ಮುಗಿಯುತ್ತದೆಂದು ತಿಳಿಯಲು ಅಲ್ಲಿ ಯಾವ ದಾರಿಯೂ ಇರಲಿಲ್ಲ. ಅಕ್ಕ ತೀರ ಚಿಕ್ಕವರಾಗಿ ಕಂಡರು. ಮುಖದ ಮೇಲೆ ಮಾಸ್ಕು. ನನ್ನನ್ನು ಗುರುತು ಹಿಡಿದು ಕೈ ಆಡಿಸಿದರು. ಬಗ್ಗಿ ಕಿವಿ ಕೊಟ್ಟೆ.

"ಡೇನಾ... ನೈಟಾ?"

"ಡೇ, ಅಕ್ಕ."

ಅವರ ಹುಬ್ಬು ಗಂಟಾಯಿತು.

"ಡೇ ಆಗಿದ್ರೆ ನೀನ್ ಯಾಕೋ ಕೆಲ್ಸ ಬಿಟ್ ಬಂದೆ?"

ನರ್ಸು ಪಕ್ಕಕ್ಕೆ ತಿರುಗಿಕೊಂಡಳು. ಸುಳ್ಳು ಹೇಳಿ ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತಿದ್ದೆ. ಅಕ್ಕ ಏನನ್ನೂ ಕಿತ್ತುಕೊಳ್ಳಲಿಲ್ಲ. ಏಳಲು ತಮ್ಮಿಂದ ಆಗುವುದಿಲ್ಲವೆಂದು ಅವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತೇನೋ. ಬೆರಳಿನಿಂದ ಬಾಗಿಲ ಕಡೆ ತೋರಿಸಿದರು.

"ಓಗು. ಮನೆ ಬಾಗ್ಲು ತೆಗ್ದವ್ರಾ ನೋಡು. ಓಗು ಅಂದ್ರೆ ನಿಂತವ್ನೆ ನೋಡು..."

ಇನ್ನೂ ಐದು ನಿಮಿಷ ಇರಬಹುದಿತ್ತು. ಇರಲು ಬಿಡಲಿಲ್ಲ. ಅವರನ್ನು ನಾನು ಕೊನೆಯದಾಗಿ ನೋಡಿದ್ದು, ನೋಡಲು ಹೋದವನನ್ನು ಅವರು ಓಡಿಸಿದ್ದು ಹೀಗೆ.

ಹೆಬ್ಬಾಳದ ಫ್ಲೈಓವರಿನ ಮೇಲೆ ಬಸ್ಸು ನಿಂತೇ ಬಿಟ್ಟಿತು. ಮಳೆ ಬೇರೆ. ಶೆಟ್ಟಿಹಳ್ಳಿಗೆ ಬರುವಾಗ ಪೂರ್ತಿ ಕತ್ತಲು. ಎದುರು ಮನೆಗೆ ಬೀಗ ಹಾಕಿತ್ತು. ಮಗ ಸೊಸೆ ಇಬ್ಬರೂ ಆಸ್ಪತ್ರೆಯಲ್ಲೇ ಇದ್ದರು. ನಮ್ಮ ಮನೆಯ ಕೀಲಿ ಅವರ ಬಳಿ ಇತ್ತು. ಅವರ ಮನೆಯ ಕೀಲಿ ನನಗೆ ಬೇಕಾಗಬಹುದೆಂದು ಇಷ್ಟು ವರ್ಷದಲ್ಲಿ ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನಮ್ಮ ಮುಂಬಾಗಿಲನ್ನು ತೆಗೆದಿಟ್ಟು ಹೊಸ್ತಿಲ ಮೇಲೆ ಕೂತೆ. ಬೇರೇನು ಮಾಡುವುದೆಂದು ತಿಳಿಯಲಿಲ್ಲ. ಎರಡು ದಿನದ ಮೇಲೆ ಸುದ್ದಿ ಬಂತು. ಯಾವ ಹೊತ್ತಿಗೆ ಹೋದರು ಎಂದು ನಾನು ಕೇಳಲಿಲ್ಲ.

ಈಗ ಎದುರು ಮನೆಯ ಕೆಳಭಾಗವನ್ನು ಬಾಡಿಗೆಗೆ ಕೊಡಲು ಒಡೆದು ಕಟ್ಟಿದ್ದಾರೆ. ಬಾಗಿಲು ಬದಲಾಗಿದೆ, ಗೂಡು ಹೋಗಿದೆ. ಅಕ್ಕನ ಮಗ ಒಳ್ಳೆಯವನು, ಅವ್ವನ ನೆನಪಿಗೆ ಅಲ್ಲಿ ದೀಪ ಇರಲೇಬೇಕೆಂದು ಗೇಟಿಗೆ ಒಂದು ಬಲ್ಬು ಹಾಕಿಸಿದ್ದಾನೆ. ಬೆಳಕು ಕಡಿಮೆಯಾದರೆ ತಾನೇ ಹೊತ್ತಿಕೊಳ್ಳುವಂಥದ್ದು. ಹಾಕಿಸಿದ ದಿನ ನನ್ನನ್ನು ಕರೆದು ತೋರಿಸಿದ.

"ಆಟೋಮ್ಯಾಟಿಕ್ ಅಣ್ಣ. ಸೆನ್ಸರ್ ಇದೆ. ಯಾರೂ ಇರ್ಬೇಕಾಗಿಲ್ಲ."

ಚೆನ್ನಾಗಿದೆ ಎಂದೆ. ಇನ್ನೇನು ಹೇಳಲಿ.

ಮೊನ್ನೆ ಭಾನುವಾರ ಮಧ್ಯಾಹ್ನ ಮೋಡ ಕವಿಯಿತು. ಒಗೆದ ಬಟ್ಟೆ ಎತ್ತಿಕೊಳ್ಳಲು ಹೊರಗೆ ಬಂದರೆ ಬಲ್ಬು ಉರಿಯುತ್ತಿತ್ತು. ಊಟದ ತಟ್ಟೆ ಕೂಡ ಇನ್ನೂ ತೊಳೆದಿರಲಿಲ್ಲ ನಾನು. ಒದ್ದೆ ಬಟ್ಟೆ ತೋಳಿನ ಮೇಲೆ ಹಾಕಿಕೊಂಡು ಅಲ್ಲೇ ನಿಂತು, "ಇನ್ನೂ ಡೇ ಇದೆ!" ಎಂದು ಜೋರಾಗಿಯೇ ಅಂದೆ. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿ ಮುಂದೆ ಹೋದರು. ನಾನು ಮಾತ್ರ ಎದುರು ಮನೆಯ ಕಡೆ ನೋಡುತ್ತ, ಬೈಗುಳಕ್ಕೆ ಕಾಯುವವನ ಹಾಗೆ, ಒಂದಷ್ಟು ಹೊತ್ತು ನಿಂತಿದ್ದೆ. ಯಾರೂ ಬೈಯಲಿಲ್ಲ.